ನಲವತ್ತೊಂದು ಶಾಫ್ಟು ಮತ್ತು ಒಂದು ಉಗುರಿನ ಬಗ್ಗೆ

ನೀರೆತ್ತುವ ಯಂತ್ರಗಳ ದುರಸ್ತಿ ಮತ್ತು ನುಣುಪು ಪರಿಶೀಲನಾ ಇಲಾಖೆ
ಉಪನಿರ್ದೇಶಕರ ಕಚೇರಿ, ವರ್ಕ್‌ಶಾಪಿನ ಮೇಲಂತಸ್ತು, ಮೆಟ್ಟಿಲು ಹತ್ತಿ ಎಡಕ್ಕೆ

ಸಂಖ್ಯೆ: ನೀಯದು/ನುಣುಪು/ಕಂದು/41/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಸೋಮವಾರ, ಊಟದ ಬಿಡುವಿಗೆ ಮುಂಚೆ

ಸುತ್ತೋಲೆ

ವಿಷಯ: ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟುಗಳ ಮೇಲ್ಮೈ ನುಣುಪು, ಸದರಿ ಶಾಫ್ಟುಗಳು ತುಕ್ಕು ಹಿಡಿಯಬಾರದಾಗಿದ್ದರೂ ಹಿಡಿದಿರುವುದು, ಹಾಗೂ ಇದೇ ಕಾರಣಕ್ಕೆ ಪಾಲಿಶ್ ಮೇಜಿನ ಉಗುರಕ್ಕ ಅವರನ್ನು ದಾಖಲೆ ಕೊಠಡಿಗೆ ಕಳುಹಿಸಬೇಕೇ ಬೇಡವೇ ಎಂಬ ಬಗ್ಗೆ.

ಉಲ್ಲೇಖ:
1. ಎಲ್ಲ ಶಾಫ್ಟುಗಳೂ ನುಣುಪಾಗಿರತಕ್ಕದ್ದು ಎಂಬ ಈ ಕಚೇರಿಯ ಸುತ್ತೋಲೆ.
2. ನುಣುಪಾದ ಪ್ರತಿಯೊಂದು ಶಾಫ್ಟಿನ ಮೇಲೂ 'ನುಣುಪಾಗಿದೆ' ಎಂಬ ಮುದ್ರೆಯನ್ನು ಕಬ್ಬಿಣದ ಅಚ್ಚಿನಿಂದ ಒತ್ತತಕ್ಕದ್ದು ಎಂಬ ಈ ಕಚೇರಿಯ ಸುತ್ತೋಲೆ.
3. ನುಣುಪಾದ ಶಾಫ್ಟಿನ ಮೇಲೆ ಅಚ್ಚು ಜಾರುತ್ತಿರುವುದರಿಂದ, ಮುದ್ರೆ ಒತ್ತಲು ಅನುಕೂಲವಾಗುವಂತೆ ಪ್ರತಿ ಶಾಫ್ಟಿನ ತುದಿಯಲ್ಲಿ ಎರಡು ಬೆರಳಗಲದ ಪಟ್ಟಿಯನ್ನು ಅರದಿಂದ ಉಜ್ಜಿ ಒರಟು ಮಾಡತಕ್ಕದ್ದು ಎಂಬ ಈ ಕಚೇರಿಯ ಸುತ್ತೋಲೆ.
4. ನಲವತ್ತೊಂದು ಶಾಫ್ಟುಗಳು ತುಕ್ಕು ಹಿಡಿದಿವೆ ಎಂದು ಕಡಲ ದಂಡೆಯ ನೀರೆತ್ತುವ ಕೇಂದ್ರದಿಂದ ಬಂದ ಎರಡು ಪುಟಗಳ ದೂರು (ಮೊದಲ ಪುಟವನ್ನು ಮಾತ್ರ ಓದಲಾಗಿದೆ).
5. ಉಗುರಕ್ಕ ಅವರಿಗೆ ನೀಡಿದ ಕಾರಣ ಕೇಳುವ ನೋಟಿಸು.
6. ಅದೇ ನೋಟಿಸಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಸದರಿಯವರು ಹಿಂದಿರುಗಿಸಿದ ಉತ್ತರ.

ಪ್ರಸ್ತಾವನೆ

ಈ ಇಲಾಖೆಯ ವರ್ಕ್‌ಶಾಪಿನಲ್ಲಿ ಕಡಲ ದಂಡೆಯ ಪಂಪುಗಳಿಗಾಗಿ ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟುಗಳನ್ನು, ಅಂದರೆ ಪಂಪಿನೊಳಗೆ ತಿರುಗುವ ಉದ್ದನೆಯ ಕಂಬಿಗಳನ್ನು, ತಯಾರಿಸಲಾಗುತ್ತಿರುವುದು ಎಲ್ಲರಿಗೂ ತಿಳಿದಿದೆ. ಲೇತ್ ಮೇಸ್ತ್ರಿಯವರು ಶಾಫ್ಟನ್ನು ಕಡೆದು ಕೊಡುತ್ತಾರೆ. ಪಾಲಿಶ್ ಮೇಜಿನಲ್ಲಿ ಕೂರುವ ಹಿರಿಯ ಮಹಿಳೆಯೊಬ್ಬರು ಅದನ್ನು ದಪ್ಪ ಹರಳಿನ ಎಮರಿ ಪೇಪರಿನಿಂದ ಶುರುಮಾಡಿ ಸಣ್ಣದರವರೆಗೆ ಐದು ಸಲ ಉಜ್ಜಿ, ಬಲಗೈ ಹೆಬ್ಬೆರಳಿನ ಉಗುರನ್ನು ಶಾಫ್ಟಿನ ಉದ್ದಕ್ಕೂ ನಿಧಾನವಾಗಿ ಎಳೆಯುತ್ತಾರೆ. ಉಗುರು ಎಲ್ಲಿಯೂ ತಡೆಯದಿದ್ದರೆ 'ಹ್ಞೂಂ' ಎನ್ನುತ್ತಾರೆ. ತಡೆದರೆ ಏನೂ ಅನ್ನದೆ ಮತ್ತೆ ಉಜ್ಜಲು ತೊಡಗುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಇಲಾಖೆಯ ಗುಣಮಟ್ಟ ಪರೀಕ್ಷೆ ಎಂದರೆ ಇಷ್ಟೇ. ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಸದರಿಯವರನ್ನು ಉಗುರಕ್ಕ ಎಂದೇ ಕರೆಯಲಾಗುತ್ತಿದ್ದು, ಈ ಸುತ್ತೋಲೆಯಲ್ಲಿಯೂ ಹಾಗೆಯೇ ಕರೆಯಲು ಅನುಮೋದನೆ ನೀಡಲಾಗಿದೆ.

ಸದರಿಯವರ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ. ನಿವೃತ್ತರಾಗುವವರು ಕೊನೆಯ ದಿನ ಒಂದು ಶಾಫ್ಟನ್ನು ತಮ್ಮ ಕೈಯಾರೆ ಮುಗಿಸಿ, ಅದನ್ನು ಒಂದನೇ ನಂಬರಿನ ಪಂಪಿಗೆ ಹಾಕಿಸಿ, ಪಂಪು ನೀರೆತ್ತುವುದನ್ನು ಎಲ್ಲರ ಜೊತೆ ನಿಂತು ನೋಡಿ ಮನೆಗೆ ಹೋಗುವುದು ವರ್ಕ್‌ಶಾಪಿನ ರೂಢಿ. ಈ ರೂಢಿಗೆ ಯಾವ ಸುತ್ತೋಲೆಯ ಆಧಾರವೂ ಇಲ್ಲ. ಆದರೂ ಇಡೀ ವರ್ಕ್‌ಶಾಪಿನಲ್ಲಿ ಎಲ್ಲರೂ ತಪ್ಪದೆ ಪಾಲಿಸುತ್ತಿರುವ ಏಕೈಕ ನಿಯಮ ಇದೇ ಎಂಬುದನ್ನು ಕೊಂಚ ಬೇಸರದಿಂದಲೇ ದಾಖಲಿಸಲಾಗಿದೆ. ದಾಖಲೆ ಕೊಠಡಿಗೆ ವರ್ಗವಾದವರಿಗೆ ಕೊನೆಯ ಶಾಫ್ಟು ಇರುವುದಿಲ್ಲ. ಹಳೆಯ ಕಡತಗಳಿಗೆ ದಾರ ಕಟ್ಟುವ ಕೆಲಸವಷ್ಟೇ ಇರುತ್ತದೆ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಯ ಗಮನಕ್ಕೆ ಕೆಳಕಂಡ ಅಂಶಗಳನ್ನು ತರಲಾಗಿದೆ. ಗಮನವಿಲ್ಲದವರು ಮೊದಲು ಅದನ್ನು ತಂದುಕೊಂಡು ಮುಂದೆ ಓದತಕ್ಕದ್ದು.

1. ಲೋಹದ ನಡತೆಯ ಬಗ್ಗೆ

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಲೆ ಹಿಡಿಯದ ಉಕ್ಕು ಎಂದು ಅದನ್ನು ಸರಬರಾಜು ಮಾಡಿದವರು ತಿಳಿಸಿದ್ದರು. ಇಲಾಖೆ ನಂಬಿತ್ತು. ನಲವತ್ತೊಂದು ಶಾಫ್ಟುಗಳು ಈ ನಂಬಿಕೆಗೆ ಕೈ ಕೊಟ್ಟಿವೆ. ಹೆಸರಿಗೆ ತಕ್ಕಂತೆ ನಡೆದುಕೊಳ್ಳದಿರುವುದಕ್ಕೆ ಕಾರಣ ಕೇಳಿ ಶಾಫ್ಟುಗಳಿಗೂ ತಲಾ ಒಂದು ನೋಟಿಸನ್ನು ಕಡಲ ದಂಡೆಗೆ ಕಳುಹಿಸಿ ಕಟ್ಟಿಸಲಾಗಿತ್ತು. ಹದಿನೈದು ದಿನ ಕಳೆದರೂ ಉತ್ತರ ಬಾರದ ಕಾರಣ, ಅವುಗಳಿಗೆ ಹೇಳಿಕೊಳ್ಳುವುದು ಏನೂ ಇಲ್ಲವೆಂದು ಭಾವಿಸಲಾಗಿದೆ.

2. ತುಕ್ಕು ಎಂಬ ಪದದ ಬಗ್ಗೆ

ಈ ವಿಷಯ ಇತ್ಯರ್ಥವಾಗುವವರೆಗೆ ಯಾವ ಸಿಬ್ಬಂದಿಯೂ 'ತುಕ್ಕು' ಎಂಬ ಪದವನ್ನು ಬಳಸಕೂಡದು; 'ಕಂದು ಬಣ್ಣದ ಅನಧಿಕೃತ ಉಪಸ್ಥಿತಿ' ಎಂದು ಹೇಳತಕ್ಕದ್ದು ಎಂದು ಮೌಖಿಕವಾಗಿ ಸೂಚಿಸಲಾಗಿತ್ತು. ಅಂದಿನಿಂದ ವರ್ಕ್‌ಶಾಪಿನಲ್ಲಿ ಒಂದೊಂದು ಮಾತು ಮುಗಿಯುವಷ್ಟರಲ್ಲಿ ಲೇತ್ ಒಂದು ಸುತ್ತು ಹೆಚ್ಚು ಕಡೆಯುತ್ತಿದೆ ಎಂದು ಮೇಸ್ತ್ರಿಯವರು ದೂರಿದ್ದಾರೆ. ಆದ್ದರಿಂದ ತುರ್ತು ಸಂದರ್ಭಗಳಲ್ಲಿ 'ತುಕ್ಕು' ಎನ್ನಲು ಅವಕಾಶ ಕಲ್ಪಿಸಲಾಗಿದೆ. ಯಾವುದು ತುರ್ತು ಎಂಬುದನ್ನು ಮುಂಚಿತವಾಗಿ ಅರ್ಜಿ ಸಲ್ಲಿಸಿ ತಿಳಿದುಕೊಳ್ಳಬಹುದು.

3. ನುಣುಪು ಏಕೆ ಬೇಕು ಎಂಬ ಬಗ್ಗೆ

ನುಣುಪು ಎಂಬುದು ಚಂದಕ್ಕೆ ಮಾತ್ರ ಎಂದು ಮೇಲಂತಸ್ತಿನ ಕೆಲವರು ಇಂದಿಗೂ ತಿಳಿದಿದ್ದಾರೆ. ಅದು ಸರಿಯಲ್ಲ. ಈ ಉಕ್ಕಿನಲ್ಲಿ ಬೆರೆಸಿರುವ ಕ್ರೋಮಿಯಂ, ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ಸೇರಿ, ಮೇಲ್ಮೈ ತುಂಬ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೊಂದನ್ನು ಕಟ್ಟುತ್ತದೆ. ತುಕ್ಕು ತಡೆಯುವುದು ಆ ಪದರವೇ. ಯಾರಾದರೂ ಗೀರಿದರೆ ಅದು ಯಾರ ಅನುಮತಿಯನ್ನೂ ಕೇಳದೆ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಇಷ್ಟು ಬೇಗ ಪೂರ್ಣಗೊಳ್ಳುವ ದುರಸ್ತಿ ಕಾಮಗಾರಿ ಇಲಾಖೆಯಲ್ಲಿ ಬೇರೊಂದಿಲ್ಲ.

ಆದರೆ ಮೇಲ್ಮೈ ಒರಟಾಗಿದ್ದರೆ ಕಥೆ ಬೇರೆ. ಲೇತಿನ ಉಳಿ ಬಿಟ್ಟುಹೋದ ಗೆರೆಗಳ ತಳದಲ್ಲಿ ಉಪ್ಪುನೀರು ನಿಂತುಬಿಡುತ್ತದೆ, ಅಲ್ಲಿಗೆ ಗಾಳಿ ಸರಿಯಾಗಿ ತಲುಪುವುದಿಲ್ಲ, ಪದರ ಮತ್ತೆ ಕಟ್ಟಿಕೊಳ್ಳಲಾರದು. ಅಲ್ಲೊಂದು ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, ಆಮೇಲೆ ಅದು ಒಳಒಳಗೇ ಕೊರೆಯುತ್ತ ಹೋಗುತ್ತದೆ. ಈ ವಿಷಯವನ್ನು ಲೇತ್ ಮೇಸ್ತ್ರಿಯವರು, ತಾವೇ ಸದಸ್ಯರಾಗಿರುವ ತನಿಖಾ ಸಮಿತಿಗೆ ಕೊಟ್ಟ ಹೇಳಿಕೆಯಲ್ಲಿ ಹೀಗೆ ನಮೂದಿಸಿದ್ದಾರೆ: "ಗೆರೆ ಒಳಗೆ ಉಪ್ಪುನೀರು ಸೇರ್ಕೊಂಡ್ರೆ ಹಳೇ ಬಾಡಿಗೆದಾರ ಇದ್ದ ಹಾಗೆ ಸಾರ್, ಎಷ್ಟು ಹೇಳಿದ್ರೂ ಖಾಲಿ ಮಾಡಲ್ಲ. ಅಕ್ಕ ಉಜ್ಜಿ ಗೆರೆ ತೆಗೆದುಬಿಟ್ರೆ ಅದಕ್ಕೆ ಕೂತ್ಕೊಳ್ಳೋಕೇ ಜಾಗ ಇರಲ್ಲ, ಜಾರಿ ಹೋಗುತ್ತೆ. ಇಷ್ಟೇ ವಿಷಯ. ಇದಕ್ಕೆ ಸಮಿತಿ ಯಾಕೆ ಬೇಕಿತ್ತೋ ಗೊತ್ತಿಲ್ಲ." ಹೇಳಿಕೆಯ ಕೊನೆಯ ವಾಕ್ಯವನ್ನು ಪರಿಗಣಿಸಲಾಗಿಲ್ಲ.

4. ಉಗುರಿನ ನಿರ್ವಹಣೆಯ ಬಗ್ಗೆ

ಉಗುರೇ ಇಲಾಖೆಯ ಅಳತೆಯ ಸಾಧನವಾಗಿರುವಾಗ ಅದನ್ನು ಅಶಿಸ್ತಿನಿಂದ ಬೆಳೆಯಲು ಬಿಡುವುದು ತರವಲ್ಲ. ಆದ್ದರಿಂದ ಹಿಂದೆ ಹೊರಡಿಸಿದ್ದ ಕೆಳಕಂಡ ನಿಯಮಗಳನ್ನು ಮತ್ತೊಮ್ಮೆ ಎಲ್ಲರ ನೆನಪಿಗೆ ತರಲಾಗಿದೆ.

ಅ) ಬಲಗೈ ಹೆಬ್ಬೆರಳಿನ ಉಗುರನ್ನು ದಾಸ್ತಾನು ಪುಸ್ತಕದಲ್ಲಿ ಇಲಾಖೆಯ ಉಪಕರಣವೆಂದು ದಾಖಲಿಸತಕ್ಕದ್ದು. ಹೆಬ್ಬೆರಳು ಸಿಬ್ಬಂದಿಯ ಸ್ವಂತ ಆಸ್ತಿಯಾಗಿ ಮುಂದುವರಿಯುವುದು.

ಆ) ಉಗುರು ಕತ್ತರಿಸುವ ಏಳು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಕತ್ತರಿಸಿದ ಭಾಗವನ್ನು ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು. ಇದಕ್ಕೆ ಉಗ್ರಾಣದವರು "ಎಲ್ಲಿಡ್ಲಿ ಸಾರ್ ಇದನ್ನ, ಬೋಲ್ಟ್ ಡಬ್ಬದಲ್ಲಾ, ನಟ್ ಡಬ್ಬದಲ್ಲಾ?" ಎಂದು ಸ್ಪಷ್ಟೀಕರಣ ಕೋರಿದ್ದು, ವಿಷಯ ಪರಿಶೀಲನೆಯಲ್ಲಿದೆ.

ಇ) ರಜೆಯ ಮೇಲೆ ತೆರಳುವವರು ಉಗುರನ್ನು ಬದಲಿ ಸಿಬ್ಬಂದಿಯ ಪ್ರಭಾರಕ್ಕೆ ವಹಿಸಿ ಹೋಗತಕ್ಕದ್ದು ಎಂಬ ನಿಯಮವು ಕಾರ್ಯಸಾಧುವಲ್ಲವೆಂದು ಕಂಡುಬಂದ ಕಾರಣ, ಬದಲಿ ಉಗುರೊಂದನ್ನು ಗುರುತಿಸಲು ಎಲ್ಲ ಸಿಬ್ಬಂದಿಯ ಉಗುರುಗಳ ಪರೀಕ್ಷೆ ನಡೆಸಲಾಯಿತು. ಮೇಸ್ತ್ರಿಯವರ ಉಗುರು ಸುತ್ತಿಗೆ ಬಿದ್ದು ಸೀಳಿದೆ. ಲೆಕ್ಕಿಗರ ಉಗುರು ಕಂಡದ್ದಕ್ಕೆಲ್ಲ ತಡೆಯುತ್ತದೆ. ಕಿಟಕಿಯ ಗಾಜನ್ನೂ ಅದು ತಿರಸ್ಕರಿಸಿದೆ. ಜವಾನರ ಉಗುರು ಯಾವುದಕ್ಕೂ ತಡೆಯುವುದಿಲ್ಲ. ಅಂಗಳದ ಇಟ್ಟಿಗೆಯೊಂದನ್ನು ಅವರು ಅತ್ಯುತ್ತಮ ದರ್ಜೆಗೆ ಶಿಫಾರಸು ಮಾಡಿದ್ದಾರೆ.

ಈ) ವರ್ಕ್‌ಶಾಪಿನಲ್ಲಿ ಉಗುರು ಕಚ್ಚುವುದನ್ನು ನಿಷೇಧಿಸಲಾಗಿದೆ. ಮೇಲಂತಸ್ತಿನ ಉಗುರುಗಳಿಂದ ಯಾವುದೇ ತಾಂತ್ರಿಕ ಉಪಯೋಗವಿಲ್ಲದ ಕಾರಣ ಅಲ್ಲಿ ಎಂದಿನಂತೆ ಕಚ್ಚಬಹುದಾಗಿದೆ.

ಉ) ಶಾಫ್ಟು ಒಪ್ಪಿಗೆಯಾದಾಗ 'ಹ್ಞೂಂ' ಎಂಬುದನ್ನು ತ್ರಿಪ್ರತಿಯಲ್ಲಿ ಹೇಳತಕ್ಕದ್ದು. ಮೊದಲನೆಯದು ಮೂಲ, ಉಳಿದೆರಡನ್ನು ಕಚೇರಿಗೆ ಕೇಳಿಸುವಂತೆ ಹೇಳತಕ್ಕದ್ದು.

5. ಯಂತ್ರದ ಬಗ್ಗೆ

ಒರಟುತನವನ್ನು ಅಳೆಯುವ ಯಂತ್ರವೊಂದು ಮೂರು ವರ್ಷಗಳಿಂದ ಇಲಾಖೆಯಲ್ಲಿದೆ. ದೂಳಿನಿಂದ ದೂರವಿಡಿ ಎಂದು ಡಬ್ಬದ ಮೇಲೆ ಬರೆದಿರುವುದರಿಂದ, ದೂಳಿರುವ ವರ್ಕ್‌ಶಾಪಿನಿಂದ ದೂರವಾಗಿ ಮೇಲಂತಸ್ತಿನ ಬೀರುವಿನಲ್ಲಿ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬರಲಾಗಿದೆ. ಈ ತನಿಖೆಗಾಗಿ ಮೊದಲ ಬಾರಿಗೆ ಅದನ್ನು ಹೊರತೆಗೆದು, ಇಪ್ಪತ್ತು ಶಾಫ್ಟುಗಳ ಮೇಲೆ ಉಗುರಿಗೂ ಯಂತ್ರಕ್ಕೂ ಪರೀಕ್ಷೆ ನಡೆಸಲಾಯಿತು. ಹತ್ತೊಂಬತ್ತರಲ್ಲಿ ಇಬ್ಬರೂ ಒಂದೇ ಮಾತು ಹೇಳಿದರು. ಇಪ್ಪತ್ತನೆಯದರಲ್ಲಿ ಯಂತ್ರ ಎಲ್ಲವೂ ಸರಿಯಿದೆ ಎಂದಿತು, ಉಗುರು ತಡೆಯಿತು. ಭೂತಗನ್ನಡಿ ಹಿಡಿದು ನೋಡಲಾಗಿ, ಯಂತ್ರದ ಮುಳ್ಳು ಹಾದುಹೋದ ದಾರಿಯ ಪಕ್ಕದಲ್ಲೇ ಕೂದಲೆಳೆಯಷ್ಟು ತೆಳುವಾದ ಗೀರೊಂದು ಕಂಡುಬಂತು. ಯಂತ್ರದಿಂದ ವಿವರಣೆ ಕೇಳಲಾಗಿದೆ.

6. ಸವರುವುದರ ಬಗ್ಗೆ

ನುಣುಪಾದ ಶಾಫ್ಟನ್ನು ಕಂಡವರೆಲ್ಲ ಸವರುತ್ತಿರುವುದು ಗಮನಕ್ಕೆ ಬಂದಿದೆ. ಅಂಗೈಯ ಬೆವರಿನಲ್ಲಿ ಉಪ್ಪಿರುತ್ತದೆ. ಅದು ಶಾಫ್ಟಿಗೆ ಹಿತವಲ್ಲ. ಆದ್ದರಿಂದ ಬರಿಗೈಯಲ್ಲಿ ಸವರುವುದನ್ನು ನಿಷೇಧಿಸಲಾಗಿದೆ. ಸವರದೆ ಇರಲಾರೆವು ಎನ್ನುವವರಿಗಾಗಿ ಬಾಗಿಲ ಬಳಿ ಪ್ರತ್ಯೇಕವಾಗಿ 'ಸವರುವ ಶಾಫ್ಟು' ಒಂದನ್ನು ಇರಿಸಲಾಗಿದೆ. ಸರದಿಯಲ್ಲಿ ನಿಂತು, ಒಬ್ಬರಿಗೆ ಒಂದು ಸಲದಂತೆ, ಎಡದಿಂದ ಬಲಕ್ಕೆ ಸವರಿ ಮುಂದೆ ಸಾಗತಕ್ಕದ್ದು. ಹಿಂದಿನ ವಾರ ಮೇಲಂತಸ್ತಿನ ಅಧಿಕಾರಿಯೊಬ್ಬರು ಎರಡು ಸಲ ಸವರಿದ್ದು ವರದಿಯಾಗಿದೆ. ಅದು ತನಿಖೆಯ ಭಾಗವಾಗಿತ್ತೆಂದು ಸ್ಪಷ್ಟಪಡಿಸಲಾಗಿದೆ.

7. ಉಗುರಕ್ಕ ಅವರ ಉತ್ತರದ ಬಗ್ಗೆ

ಉಲ್ಲೇಖ (5)ರ ನೋಟಿಸಿನಲ್ಲಿ, ನಿಮ್ಮ ಉಗುರು ತಪ್ಪಿದ್ದರಿಂದಲೇ ನಲವತ್ತೊಂದು ಶಾಫ್ಟುಗಳು ಹಾಳಾಗಿವೆ, ನಿಮ್ಮನ್ನು ಏಕೆ ಪಾಲಿಶ್ ಮೇಜಿನಿಂದ ತೆಗೆಯಬಾರದು ಎಂದು ಕೇಳಲಾಗಿತ್ತು. ನಮೂನೆಯಲ್ಲಿ ಉತ್ತರಿಸದೆ, ನೋಟಿಸಿನ ಬೆನ್ನಿಗೇ ಸದರಿಯವರು ಬರೆದುಕಳಿಸಿದ್ದನ್ನು ಕಡತಕ್ಕಾಗಿ ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ಸಾರ್, ನನ್ನ ಉಗುರು ತಡೆದ ಒಂದು ಶಾಫ್ಟೂ ಈ ಬಾಗಿಲು ದಾಟಿಲ್ಲ. ತುಕ್ಕು ಬಂದಿರೋದು ನಾನು ಉಜ್ಜಿದ ಕಡೆ ಅಲ್ಲ. ನಾನು ಉಜ್ಜಿ ಮುಗಿಸಿದ ಮೇಲೆ ನೀವು ಒರಟು ಮಾಡ್ಸಿದ ಕಡೆ. ನಂಗೆ ಮಗಳ ಮನೆ ಹತ್ರಾನೇ ಇದೆ, ನಾಳೆನೇ ಕಳ್ಸಿದ್ರೂ ಹೋಗ್ತೀನಿ. ಆದ್ರೆ ಇಪ್ಪತ್ತಾರು ವರ್ಷ ಉಜ್ಜಿದೋಳು ಕಡತಕ್ಕೆ ದಾರ ಕಟ್ಟಿ ಮನೆಗೆ ಹೋಗೋದಾ? ನನ್ನ ಕೊನೇ ಶಾಫ್ಟು ನಂಗೆ ಬೇಕು. ಒಂದು ಸಲ ಕೆಳಗೆ ಬಂದು ನೋಡಿ. ಮೆಟ್ಟಿಲು ಹದಿನಾಲ್ಕೇ ಇರೋದು."

ಈ ಉತ್ತರದ ಧಾಟಿ ಕಚೇರಿ ಶಿಷ್ಟಾಚಾರಕ್ಕೆ ಅನುಗುಣವಾಗಿಲ್ಲವೆಂದು ಮೊದಲು ಟಿಪ್ಪಣಿ ಬರೆಯಲಾಯಿತು. ನಂತರ ಮೆಟ್ಟಿಲುಗಳನ್ನು ಎಣಿಸಲಾಯಿತು. ಹದಿನಾಲ್ಕೇ ಇವೆ. ಎಣಿಸುತ್ತ ಹೋದದ್ದರಿಂದ ಅನಿವಾರ್ಯವಾಗಿ ಕೆಳಗೆ ತಲುಪಲಾಯಿತು.

8. ಬಕೆಟ್ಟಿನ ಬಗ್ಗೆ

ವರ್ಕ್‌ಶಾಪಿನ ಹಿಂದೆ, ಕೈ ತೊಳೆಯುವ ತೊಟ್ಟಿಯ ಪಕ್ಕದಲ್ಲಿ, ಹಳದಿ ಬಣ್ಣದ ಪ್ಲಾಸ್ಟಿಕ್ ಬಕೆಟ್ಟೊಂದು ಇರುವುದು ಲೇತ್ ಮೇಸ್ತ್ರಿ, ಉಗ್ರಾಣದವರು ಮತ್ತು ಲೆಕ್ಕಿಗರನ್ನೊಳಗೊಂಡ ಮೂವರ ಸಮಿತಿಗೆ ಕಂಡುಬಂತು. ಅದರಲ್ಲಿ ಸಮುದ್ರದ ನೀರಿತ್ತು. ನೋಟಿಸು ತಲುಪಿದ ದಿನವೇ ಉಗುರಕ್ಕ ಅವರು ಒಂದೇ ಕಂಬಿಯಿಂದ ಕತ್ತರಿಸಿದ ಮೂರು ತುಂಡುಗಳನ್ನು ಅದರಲ್ಲಿ ಮುಳುಗಿಸಿಟ್ಟಿದ್ದರು. ಆರು ವಾರ ಕಳೆದಿತ್ತು. ನೆಲ ಒರೆಸುವವರು ಬಕೆಟ್ಟನ್ನು ಎರಡು ಸಲ ಕೇಳಿದ್ದರೂ ಕೊಟ್ಟಿರಲಿಲ್ಲವೆಂದು ತಿಳಿದುಬಂದಿದೆ.

ಮೊದಲನೆಯ ತುಂಡು ಲೇತಿನಿಂದ ಬಂದ ಹಾಗೆಯೇ ಇತ್ತು, ಉಜ್ಜಿರಲಿಲ್ಲ. ಅದರ ಗೆರೆಗಳ ಗುಂಟ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕಿಗಳು ಬಿದ್ದಿದ್ದವು.

ಎರಡನೆಯದು ಉಜ್ಜಿ, ಉಗುರಿನಿಂದ ಒಪ್ಪಿಗೆ ಪಡೆದದ್ದು. ಅದರಲ್ಲಿ ಏನೂ ಇರಲಿಲ್ಲ. ಎಷ್ಟು ಏನೂ ಇರಲಿಲ್ಲವೆಂದರೆ, ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಜವಾನರು ಅದನ್ನು ನೀರಿನಿಂದ ಎತ್ತಿ, ಒರೆಸಿ, ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿ ಮತ್ತೆ ಮುಳುಗಿಸುತ್ತಿದ್ದರೆಂದು ಅವರೇ ಒಪ್ಪಿಕೊಂಡಿದ್ದಾರೆ. ಇನ್ನು ಮುಂದೆ ಇಲಾಖೆಯ ಶಾಫ್ಟುಗಳಲ್ಲಿ ತಲೆ ಬಾಚಿಕೊಳ್ಳಕೂಡದು. ಮುಖ ಉದ್ದವಾಗಿ ಕಾಣುತ್ತದೆ ಎಂಬ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.

ಮೂರನೆಯದು ಎರಡನೆಯದರಂತೆಯೇ ಉಜ್ಜಿದ್ದು. ಒಂದೇ ವ್ಯತ್ಯಾಸವೆಂದರೆ, ಉಲ್ಲೇಖ (3)ರಲ್ಲಿ ಹೇಳಿದಂತೆ ತುದಿಯಲ್ಲಿ ಎರಡು ಬೆರಳಗಲ ಅರದಿಂದ ಒರಟು ಮಾಡಿ, ಉಲ್ಲೇಖ (2)ರಲ್ಲಿ ಹೇಳಿದಂತೆ ಮುದ್ರೆ ಒತ್ತಿಸಿಕೊಂಡು ತರಲಾಗಿತ್ತು. ಅದರ ಮೈಯೆಲ್ಲ ಫಳಫಳ ಹೊಳೆಯುತ್ತಿತ್ತು. ತುದಿಯಲ್ಲಿ ಮಾತ್ರ, ದಪ್ಪ ಕಂದು ಅಕ್ಷರಗಳಲ್ಲಿ, 'ನುಣುಪಾಗಿದೆ' ಎಂದಿತ್ತು. ಇಲಾಖೆಯ ಮುದ್ರೆಯನ್ನು ಕನ್ನಡಕವಿಲ್ಲದೆ ಓದಲು ಸಾಧ್ಯವಾದದ್ದು ಇದೇ ಮೊದಲು ಎಂದು ಲೆಕ್ಕಿಗರು ಸಂತೋಷ ವ್ಯಕ್ತಪಡಿಸಿದರು. ಉಳಿದಿಬ್ಬರು ಸದಸ್ಯರು ಅವರ ಕಾಲು ತುಳಿದರು.

9. ಓದದೆ ಬಿಟ್ಟಿದ್ದ ಎರಡನೆಯ ಪುಟದ ಬಗ್ಗೆ

ಇದಾದ ನಂತರ, ಉಲ್ಲೇಖ (4)ರ ದೂರಿನ ಎರಡನೆಯ ಪುಟವನ್ನು ಹುಡುಕಿ ತೆಗೆಯಲಾಯಿತು. ಅದಕ್ಕೆ ಚುಚ್ಚಿದ್ದ ಗುಂಡುಸೂಜಿಗೂ ತುಕ್ಕು ಹಿಡಿದಿತ್ತು. ಆ ಪುಟದಲ್ಲಿ ಹೀಗಿದೆ: "ತುಕ್ಕು ಎಲ್ಲ ಶಾಫ್ಟುಗಳಲ್ಲೂ ಒಂದೇ ಜಾಗದಲ್ಲಿ, ನಿಮ್ಮ ಮುದ್ರೆ ಇರುವ ಕಡೆ ಮಾತ್ರ ಕಂಡುಬಂದಿದೆ. ಉಳಿದ ಭಾಗದ ನುಣುಪು ನೋಡಿ ನಮಗೆಲ್ಲ ಸಂತೋಷವಾಗಿದೆ. ಉಜ್ಜಿದವರಿಗೆ ನಮ್ಮ ಮೆಚ್ಚುಗೆ ತಿಳಿಸುವುದು." ಮೆಚ್ಚುಗೆ ತಿಳಿಸಬೇಕಾಗಿದ್ದ ವ್ಯಕ್ತಿಗೆ ಅದರ ಬದಲು ನೋಟಿಸು ತಲುಪಿರುವುದನ್ನು ತಲೆ ತಗ್ಗಿಸಿ ಗಮನಿಸಲಾಗಿದೆ.

10. ಕಬ್ಬಿಣ ಹೇಗೆ ಬಂತು ಎಂಬ ಬಗ್ಗೆ

ಒರಟು ಪಟ್ಟಿಯಲ್ಲಿ ಉಪ್ಪುನೀರು ನಿಂತದ್ದು ಒಂದು ಕಾರಣ. ಆದರೆ ತುಕ್ಕು ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ, ಕಾಗುಣಿತ ಸಮೇತ ಬರಲು ಇನ್ನೊಂದು ಕಾರಣವೂ ಇದೆ ಎಂದು ಮೇಸ್ತ್ರಿಯವರು ತೋರಿಸಿಕೊಟ್ಟರು. ಪಟ್ಟಿಯನ್ನು ಒರಟು ಮಾಡಲು ಕಚೇರಿಯಿಂದ ಕೊಟ್ಟಿದ್ದ ಅರವು, ಕಾಂಪೌಂಡ್ ಗೇಟಿನ ಕಬ್ಬಿಣವನ್ನು ಉಜ್ಜುವ ಅರವೇ ಆಗಿತ್ತು. ಅದರ ಹಲ್ಲಿನಲ್ಲಿದ್ದ ಕಬ್ಬಿಣದ ಪುಡಿ ಶಾಫ್ಟಿನ ಮೈಗೆ ಹತ್ತಿಕೊಂಡಿತು. ಮೇಲಿಂದ ಅಚ್ಚನ್ನು ಇಟ್ಟು ಸುತ್ತಿಗೆಯಿಂದ ಹೊಡೆದಾಗ ಆ ಪುಡಿ ಒಳಗೆ ಕೂತಿತು, ಜೊತೆಗೆ ಅಚ್ಚಿನ ಕಬ್ಬಿಣವೂ ಅಷ್ಟಿಷ್ಟು ಸೇರಿತು. ತುಕ್ಕು ಹಿಡಿದದ್ದು ಮೊದಲು ಆ ಕಬ್ಬಿಣಕ್ಕೆ. ಆಮೇಲೆ ಅದರ ಕೆಳಗಿದ್ದ ಉಕ್ಕಿಗೂ ಗುಳಿ ಬಿತ್ತು.

ಇದನ್ನು ಸಾಬೀತುಪಡಿಸಲು ಮೇಸ್ತ್ರಿಯವರು ಹೊಸದಾಗಿ ಮುದ್ರೆ ಒತ್ತಿದ್ದ ಶಾಫ್ಟೊಂದಕ್ಕೆ ಮೈಲುತುತ್ತದ ನೀಲಿ ನೀರನ್ನು ಹತ್ತಿಯಿಂದ ಸವರಿದರು. ನುಣುಪಾದ ಭಾಗ ಬೆಳ್ಳಗೇ ಉಳಿಯಿತು. ಮುದ್ರೆಯ ಜಾಗ ಮಾತ್ರ ತಾಮ್ರದ ಬಣ್ಣಕ್ಕೆ ತಿರುಗಿತು. ಕಬ್ಬಿಣವಿದ್ದ ಕಡೆಯಷ್ಟೇ ಹೀಗಾಗುತ್ತದಂತೆ. ಆಗ ಉಗುರಕ್ಕ ಅವರು ಎಮರಿ ಪೇಪರನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡರು.

ಅಂದರೆ, ಶಾಫ್ಟು ನುಣುಪಾಗಿದೆ ಎಂದು ಬರೆಯುವ ಸಲುವಾಗಿ ಈ ಇಲಾಖೆ ಶಾಫ್ಟನ್ನು ಒರಟು ಮಾಡಿತು. ಬರೆದದ್ದಕ್ಕೆ ತುಕ್ಕು ಹಿಡಿಯಿತು. ತುಕ್ಕು ಹಿಡಿದದ್ದಕ್ಕೆ ನುಣುಪು ಮಾಡಿದವರ ಮೇಲೆ ಕ್ರಮ ಕೈಗೊಂಡಿತು. ಮೂರೂ ಹಂತಗಳಲ್ಲಿ ಸರಿಯಾದ ನಮೂನೆಗಳನ್ನೇ ಬಳಸಲಾಗಿದೆ ಎಂಬುದೊಂದೇ ಸಮಾಧಾನ.

11. ಆದೇಶ

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

ಅ) ಉಲ್ಲೇಖ (2) ಮತ್ತು (3)ರ ಸುತ್ತೋಲೆಗಳನ್ನು ರದ್ದುಗೊಳಿಸಲಾಗಿದೆ. ಇನ್ನು ಮುಂದೆ ಯಾವ ಶಾಫ್ಟಿನ ಮೇಲೂ ಮುದ್ರೆ ಒತ್ತಕೂಡದು. ಒತ್ತಲೇಬೇಕೆಂದು ಕೈ ತುರಿಸುವವರು ಕಾಗದದ ಮೇಲೆ ಒತ್ತತಕ್ಕದ್ದು.

ಆ) ನಲವತ್ತೊಂದು ಶಾಫ್ಟುಗಳನ್ನು ವಾಪಸು ತರಿಸಿ, ತುದಿಯ ಪಟ್ಟಿಯನ್ನು ಗುಳಿ ಹೋಗುವವರೆಗೆ ಕಡೆದು, ಉಜ್ಜಿ, ನಿಂಬೆಹುಳಿಯ ದ್ರಾವಣದಲ್ಲಿ ತೊಳೆದು, ಉಗುರಿನ ಒಪ್ಪಿಗೆ ಪಡೆದು ಕಳುಹಿಸತಕ್ಕದ್ದು. ಅವುಗಳಿಗೆ ಕಟ್ಟಿದ್ದ ನೋಟಿಸುಗಳನ್ನು ಬಿಚ್ಚಿ, ಶಾಫ್ಟುಗಳನ್ನು ಎಲ್ಲ ಆರೋಪಗಳಿಂದ ಮುಕ್ತಗೊಳಿಸಲಾಗಿದೆ.

ಇ) ಸ್ಟೇನ್‌ಲೆಸ್ ಸ್ಟೀಲಿಗೆ ಪ್ರತ್ಯೇಕ ಅರ, ಪ್ರತ್ಯೇಕ ಬ್ರಷ್ಷು, ಪ್ರತ್ಯೇಕ ಬಟ್ಟೆ ಬಳಸತಕ್ಕದ್ದು. ಗೇಟಿನ ಅರವು ಗೇಟನ್ನು ಬಿಟ್ಟು ಬೇರೆಲ್ಲಿಯೂ ಮೂಗು ತೂರಿಸಕೂಡದು.

ಈ) ಹಳದಿ ಬಕೆಟ್ಟನ್ನು ಇಂದಿನಿಂದ ಇಲಾಖೆಯ ಪ್ರಯೋಗಾಲಯವೆಂದು ಘೋಷಿಸಲಾಗಿದೆ. ನೆಲ ಒರೆಸುವವರಿಗೆ ಬೇರೆ ಬಕೆಟ್ಟು ಕೊಡತಕ್ಕದ್ದು. ಬಕೆಟ್ಟಿನ ಉದ್ಘಾಟನೆ ಮಾಡಕೂಡದು.

ಉ) ಖಂಡಿಕೆ 4ರ ಉಗುರಿನ ನಿಯಮಗಳನ್ನು ಹಿಂಪಡೆಯಲಾಗಿದೆ. ಉಗುರಕ್ಕ ಅವರು ಉಗುರನ್ನು ತಮಗೆ ಬೇಕಾದಾಗ, ತಮ್ಮ ಮನೆಯ ಕತ್ತರಿಯಲ್ಲಿ, ಯಾರನ್ನೂ ಕೇಳದೆ ಕತ್ತರಿಸಿಕೊಳ್ಳಬಹುದು. 'ಹ್ಞೂಂ' ಒಂದೇ ಪ್ರತಿಯಲ್ಲಿ ಸಾಕು.

ಊ) ಯಂತ್ರವನ್ನು ಬೀರುವಿನಿಂದ ಇಳಿಸಿ ಪಾಲಿಶ್ ಮೇಜಿನ ಮೇಲೆ ಇಡತಕ್ಕದ್ದು. ಅದು ನಾಲ್ಕು ತಿಂಗಳು ಉಗುರಕ್ಕ ಅವರ ಕೈಕೆಳಗೆ ಕೆಲಸ ಕಲಿಯತಕ್ಕದ್ದು.

ಋ) ಉಲ್ಲೇಖ (5)ರ ನೋಟಿಸನ್ನು ಬೇಷರತ್ತಾಗಿ ಹಿಂಪಡೆಯಲಾಗಿದೆ. ಉಗುರಕ್ಕ ಅವರು ನಿವೃತ್ತಿಯ ದಿನದವರೆಗೂ ಪಾಲಿಶ್ ಮೇಜಿನಲ್ಲಿಯೇ ಮುಂದುವರಿಯತಕ್ಕದ್ದು. ಅವರ ಕೊನೆಯ ಶಾಫ್ಟು ರೂಢಿಯಂತೆ ಒಂದನೇ ನಂಬರಿನ ಪಂಪಿಗೇ ಹೋಗತಕ್ಕದ್ದು. ಅದರ ಮೇಲೆ ಮುದ್ರೆ, ಸಂಖ್ಯೆ, ದಿನಾಂಕ, ಅಧಿಕಾರಿಯ ರುಜು ಇತ್ಯಾದಿ ಯಾವುದೂ ಇರಕೂಡದು. ಯಾರದೆಂದು ಕೇಳಿದರೆ ವರ್ಕ್‌ಶಾಪಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ.

12. ಹೊಣೆಗಾರಿಕೆಯ ಬಗ್ಗೆ

ಮುದ್ರೆ ಒತ್ತಿದವರು ಯಾರು ಎಂಬುದನ್ನು ಸಮಿತಿಯು ತನ್ನ ವರದಿಯಲ್ಲಿ ಬರೆದಿಲ್ಲ. ಕೇಳಿದಾಗ ಮೂವರೂ ಸದಸ್ಯರು ಕಿಟಕಿಯಾಚೆ ನೋಡಿದರು. ಮುದ್ರೆಯು 'ಒತ್ತಲ್ಪಟ್ಟಿದೆ' ಎಂದಷ್ಟೇ ವರದಿಯಲ್ಲಿದೆ. ಹಾಗೆಯೇ ಬಿಟ್ಟು ಕಡತವನ್ನು ಮುಕ್ತಾಯಗೊಳಿಸಬಹುದಿತ್ತು. ಕರಡಿನಲ್ಲಿ ಹಾಗೆಯೇ ಬಿಡಲಾಗಿತ್ತು ಕೂಡ.

ಒತ್ತಿದ್ದು ನಾನು. ಪ್ರತಿ ಶನಿವಾರ ಇಬ್ಬರು ಶಾಫ್ಟನ್ನು ಹೊತ್ತು ಆ ಹದಿನಾಲ್ಕು ಮೆಟ್ಟಿಲು ಹತ್ತಿ ಬರುತ್ತಿದ್ದರು, ನಾನು ನನ್ನ ಮೇಜಿನ ಪಕ್ಕದಲ್ಲಿ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಠಣ್ ಎಂದು ಸದ್ದಾಗುತ್ತಿತ್ತು. ಇಡೀ ವಾರ ಕಾಗದದ ಮೇಲೆ ಬರೆದದ್ದೇ ಬರೆದು ಕೂತವನಿಗೆ ಆ ಸದ್ದು ಕೇಳಿದರೆ, ನಾನೂ ಏನೋ ಒಂದು ವಸ್ತು ಮಾಡಿದೆ ಎಂದು ಖುಷಿಯಾಗುತ್ತಿತ್ತು. ನಲವತ್ತೊಂದು ಸಲವೂ ಆಯಿತು. ಅವರು ಐದು ಸಲ ಉಜ್ಜಿ ಮಾಡಿದ್ದನ್ನು ನಾನು ಒಂದೇ ಏಟಿಗೆ ಹಾಳು ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಹೊಳೆಯಲು ಕೆಳಗಿಳಿದು ಬರಬೇಕಿತ್ತು.

ಅಕ್ಕಾ, ತಪ್ಪಾಯಿತು.

ಮೇಲಿನ ಸಾಲನ್ನು ಕಚೇರಿ ಭಾಷೆಗೆ ತಿದ್ದಿಕೊಡಲು ಟೈಪಿಸ್ಟ್ ಅನುಮತಿ ಕೋರಿದ್ದು, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

(ಸಹಿ ಮಾತ್ರ ಇದೆ, ಮುದ್ರೆ ಇಲ್ಲ)
ಉಪನಿರ್ದೇಶಕರು
ನೀರೆತ್ತುವ ಯಂತ್ರಗಳ ದುರಸ್ತಿ ಮತ್ತು ನುಣುಪು ಪರಿಶೀಲನಾ ಇಲಾಖೆ

ಪ್ರತಿಗಳು:

1. ಲೇತ್ ಮೇಸ್ತ್ರಿಯವರಿಗೆ, ಅಗತ್ಯ ಕ್ರಮಕ್ಕಾಗಿ. ಸಮಿತಿ ಯಾಕೆ ಬೇಕಿತ್ತು ಎಂಬ ಅವರ ಪ್ರಶ್ನೆಯನ್ನು ಈಗ ಪರಿಗಣಿಸಲಾಗಿದೆ.
2. ಉಗ್ರಾಣದವರಿಗೆ, ಉಗುರಿನ ತುಂಡುಗಳಿದ್ದ ಲಕೋಟೆಯನ್ನು ವಿಲೇವಾರಿ ಮಾಡುವ ಸೂಚನೆಯೊಂದಿಗೆ.
3. ಲೆಕ್ಕಿಗರಿಗೆ, ಕಾಲಿನ ಊತ ಇಳಿದ ನಂತರ ಓದಲು.
4. ಜವಾನರಿಗೆ, ಒಂದು ಕನ್ನಡಿಯೊಂದಿಗೆ.
5. ಕಡಲ ದಂಡೆಯ ನೀರೆತ್ತುವ ಕೇಂದ್ರಕ್ಕೆ, ಇನ್ನು ಮುಂದೆ ದೂರುಗಳನ್ನು ಒಂದೇ ಪುಟದಲ್ಲಿ ಬರೆಯುವ ಕೋರಿಕೆಯೊಂದಿಗೆ.
6. ಸೂಚನಾ ಫಲಕಕ್ಕೆ, ಅಂಟು ಹಚ್ಚಿ. ಮೊಳೆ ಹೊಡೆಯಕೂಡದು.
7. ಕಬ್ಬಿಣದ ಅಚ್ಚಿಗೆ, ಹಳದಿ ಬಕೆಟ್ಟಿನ ವಿಳಾಸಕ್ಕೆ.
8. ಉಗುರಕ್ಕ ಅವರಿಗೆ, ಖುದ್ದಾಗಿ. ಹದಿನಾಲ್ಕು ಮೆಟ್ಟಿಲು ಇಳಿದು ತಲುಪಿಸಲಾಯಿತು. ಸದರಿಯವರು ಇದನ್ನು ಒಂದು ಪುಟವನ್ನೂ ಬಿಡದೆ ಪೂರ್ತಿ ಓದಿ, 'ತಪ್ಪಾಯಿತು' ಎಂಬ ಸಾಲಿನ ಮೇಲೆ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಎಳೆದು, 'ಹ್ಞೂಂ' ಎಂದಿದ್ದಾರೆ.